ಎರಡು ಕೋವಿ, ಒಬ್ಬ ಮಾವ

ನನ್ನ ಮುಂದೆ ಒಂದೇ ವಸ್ತು ಇಟ್ಟರೆ ನಾನು ಪರಮ ಸುಖಿ. ಎರಡು ಇಟ್ಟು ‘ಯಾವುದು ಬೇಕೋ ತಗೋ’ ಅಂದರೆ ಜ್ವರ ಬರುತ್ತದೆ. ಹೋಟೆಲಿನಲ್ಲಿ ಇಡ್ಲಿ ಮಾತ್ರ ಇದೆ ಎಂದರೆ ಇಡ್ಲಿ ತಿಂದು, ಕೈ ತೊಳೆದು, ಹೋಟೆಲಿನವನನ್ನು ಮನಸ್ಸಿನಲ್ಲೇ ಹರಸಿ ಬರುತ್ತೇನೆ. ಇಡ್ಲಿಯ ಜೊತೆಗೆ ಉಪ್ಪಿಟ್ಟೂ ಇದೆ ಎಂದನೋ, ಅಲ್ಲಿಗೆ ನನ್ನ ಬೆಳಗು ಕೆಟ್ಟಿತು. ಇಡ್ಲಿ ತಿನ್ನುತ್ತಾ ಉಪ್ಪಿಟ್ಟಿನ ಧ್ಯಾನ, ಉಪ್ಪಿಟ್ಟು ತಿನ್ನುತ್ತಾ ಇಡ್ಲಿಯ ಧ್ಯಾನ. ಮದುವೆಗೂ ಅಷ್ಟೇ. ಮಂಗಳೂರಿಗೆ ಕರೆದುಕೊಂಡು ಹೋಗಿ ಒಂದೇ ಹೆಣ್ಣು ತೋರಿಸಿದರು, ಆದ್ದರಿಂದ ಮದುವೆಯಾಯಿತು. ಇನ್ನೊಂದು ಮನೆಗೂ ಹೋಗಿಬರೋಣ ಎಂದು ಯಾರಾದರೂ ಅಂದಿದ್ದರೆ ನಾನು ಇವತ್ತಿಗೂ ಎರಡು ಫೋಟೋ ಹಿಡಿದುಕೊಂಡು ಬಸವನಗುಡಿಯಲ್ಲಿ ಕೂತಿರುತ್ತಿದ್ದೆ. ಇಂಥ ನನ್ನ ಮುಂದೆ, ಹಾಲೆಂಡ್ ದೇಶದಲ್ಲಿ, ಒಬ್ಬ ಅಂಗಡಿಯವನು ಎರಡು ರೈಫಲ್ ಇಟ್ಟ.

ರೈಫಲ್ಲಿಗೂ ನನಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ಶಾಲಿನಿ, ಅಂದರೆ ನನಗೆ ತೋರಿಸಿದ ಆ ಒಂದೇ ಹೆಣ್ಣು, ಇದನ್ನು ದಿನಕ್ಕೆರಡು ಸಲ ಕೇಳುತ್ತಿದ್ದಳು. ಎರಡು ಸಾವಿರದ ಇಸವಿ ಹುಟ್ಟಿದ ಕೂಡಲೇ ಲೋಕದ ಕಂಪ್ಯೂಟರುಗಳೆಲ್ಲ ಬುದ್ಧಿ ಕಳೆದುಕೊಳ್ಳುತ್ತವೆ ಎಂಬ ಭಯದಲ್ಲಿ ಎಲ್ಲರೂ ಇದ್ದ ಕಾಲ ಅದು. ಆ ಭಯದ ಕೃಪೆಯಿಂದ ನನ್ನಂಥವರಿಗೆಲ್ಲ ವರ್ಕ್ ಪರ್ಮಿಟ್ ಸಿಕ್ಕಿ, ನಾವು ರಾಟರ್‌ಡ್ಯಾಮಿನ ಪಕ್ಕದ ಕಾಪೆಲ್ಲೆಯಲ್ಲಿ ಸಂಸಾರ ಹೂಡಿದ್ದೆವು. ಆಫೀಸಿನಲ್ಲಿ ಹಳೆಯ ಪ್ರೋಗ್ರಾಮುಗಳಿಗೆ ತೇಪೆ ಹಾಕುತ್ತಾ ನನ್ನ ಪಕ್ಕ ಕೂರುತ್ತಿದ್ದವನು ವಿಮ್ ಎಂಬ ಡಚ್ಚ. ಒಂದು ಭಾನುವಾರ ಬಾ, ಒಂದು ಆಟ ತೋರಿಸುತ್ತೇನೆ ಎಂದು ಕರೆದುಕೊಂಡು ಹೋದ. ನಾನು ಚೆಸ್ ಇರಬಹುದು ಅಂದುಕೊಂಡೆ. ನೋಡಿದರೆ ಅದು ಗುರಿ ಹೊಡೆಯುವವರ ಕ್ಲಬ್. ಕಿವಿಗೆ ಮುಚ್ಚಳ ಹಾಕಿ, ಕೈಗೊಂದು ರೈಫಲ್ ಕೊಟ್ಟು, ದೂರದ ಕಾಗದದ ಕಡೆ ಬೆರಳು ತೋರಿಸಿದರು. ಢಂ ಎಂದಿತು. ಅಷ್ಟೇ. ಹುಟ್ಟಿದಾರಭ್ಯ ಪಟಾಕಿ ಹಚ್ಚಿ ಓಡಿಹೋಗುತ್ತಿದ್ದವನು ನಾನು. ಸದ್ದು ಮಾಡಿಯೂ ಓಡದೆ ನಿಂತದ್ದು ಅದೇ ಮೊದಲು. ಆವತ್ತು ಮನೆಗೆ ಬಂದು ಊಟ ಮಾಡಲಿಲ್ಲ, ಬರೀ ಮಾತಾಡಿದೆ.

ಆ ದೇಶದಲ್ಲಿ ಕೋವಿ ಕೊಳ್ಳುವುದು ತರಕಾರಿ ಕೊಂಡಂತಲ್ಲ. ವರ್ಷಗಟ್ಟಲೆ ಕ್ಲಬ್ಬಿಗೆ ಮಣ್ಣು ಹೊರಬೇಕು, ಸನ್ನಡತೆಯ ಕಾಗದ ತರಬೇಕು, ಮನೆಯ ಗಟ್ಟಿ ಗೋಡೆಗೆ ಉಕ್ಕಿನ ಕಪಾಟು ಜಡಿಸಬೇಕು, ಪೊಲೀಸರು ಬಂದು ಅದನ್ನು ಅಲ್ಲಾಡಿಸಿ ನೋಡಬೇಕು. ನಮ್ಮ ಫ್ಲ್ಯಾಟಿನಲ್ಲಿ ಮೊಳೆ ಹಿಡಿಯುವ ಗೋಡೆ ಇದ್ದದ್ದು ಒಂದೇ ಕಡೆ, ಶಾಲಿನಿ ದೇವರನ್ನಿಟ್ಟಿದ್ದ ಪುಟ್ಟ ಕೋಣೆಯಲ್ಲಿ. ಒಂದು ವಾರ ಮಾತುಕತೆ ನಡೆದು, ದೇವರು ಮೇಲಿನ ಹಲಗೆಗೆ, ಕಪಾಟು ಕೆಳಗೆ ಎಂದು ರಾಜಿಯಾಯಿತು. ತಪಾಸಣೆಗೆ ಬಂದ ಪೊಲೀಸಿನವನು ಕಪಾಟಿನ ಮೇಲೆ ಕೊಳಲು ಹಿಡಿದು ನಿಂತ ಕೃಷ್ಣನನ್ನು ನೋಡಿ ತಬ್ಬಿಬ್ಬಾದ. ನಮ್ಮಲ್ಲಿ ವರ್ಷಕ್ಕೊಮ್ಮೆ ಆಯುಧಗಳಿಗೇ ಪೂಜೆ ಮಾಡುತ್ತೇವೆ ಎಂದು ಶಾಲಿನಿ ವಿವರಿಸಲು ಹೊರಟಳು. ನಾನು ಕಾಫಿ ಕೊಟ್ಟು ಮಾತು ತಿರುಗಿಸಿದೆ. ಅಂತೂ ಪರವಾನಗಿ ಬಂತು. ಒಂದೇ ಒಂದು ರೈಫಲ್ಲಿಗೆ.

ಹೆಂಕ್ ಎಂಬಾತನ ಅಂಗಡಿ ಕ್ಲಬ್ಬಿಗೆ ಅಂಟಿಕೊಂಡೇ ಇತ್ತು. ಅವನು ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ ಎರಡನ್ನೂ ಮಲಗಿಸಿದ. ಎರಡೂ ಒಂದೇ ಮಾದರಿ, ನಮ್ಮ ಊರಿನ ಪೊಲೀಸ್ ಪೇದೆಗಳು, ಬ್ಯಾಂಕಿನ ಕಾವಲುಗಾರರು ಹೆಗಲಿಗೆ ಹಾಕಿಕೊಂಡು ತೂಕಡಿಸುತ್ತಿದ್ದ ತ್ರೀ ನಾಟ್ ತ್ರೀ. ಒಂದು, ಈಚೆಗೆ ಹೊಸ ಕಾರ್ಖಾನೆಯಲ್ಲಿ ಹಳೆಯದನ್ನು ನೋಡಿಕೊಂಡು ಮಾಡಿದ ನಕಲು. ಮದುಮಗನಂತೆ ಮಿರಮಿರ ಮಿಂಚುತ್ತಿತ್ತು. ಹೆಗಲಿಗೆ ನೋವಾಗದಂತೆ ಹಿಂಬದಿಗೆ ರಬ್ಬರಿನ ಮೆತ್ತೆ, ಜೊತೆಗೆ ಗ್ಯಾರಂಟಿ. ಇನ್ನೊಂದು ಅಸಲು, ಯಾವುದೋ ಸರ್ಕಾರ ಸಾಕೆಂದು ಮಾರಿದ ಹಳೆಯ ಸರಕು. ಮರವೆಲ್ಲ ಗೀರು, ಮೂತಿಯ ಹತ್ತಿರ ತಾಮ್ರದ ತಂತಿಯ ಸುತ್ತು, ಹಿಂಬದಿಗೆ ಹಿತ್ತಾಳೆಯ ತಗಡು. ಬಗ್ಗಿ ಮೂಸಿದೆ. ಎಣ್ಣೆ, ಬೆವರು, ಒಂದಿಷ್ಟು ಸರ್ಕಾರಿ ಕಚೇರಿ. ಹೆಂಕ್ ಲೋಹದ ಮೇಲಿನ ಮುದ್ರೆ ತೋರಿಸಿ, ಇದು ಎಲ್ಲಿಂದ ಬಂತು ನೋಡು ಎಂದ. ಇಂಡಿಯಾ! ಬಂಗಾಳದ ಕಾರ್ಖಾನೆಯಲ್ಲಿ ಹುಟ್ಟಿ, ಯಾವ್ಯಾವ ಠಾಣೆಯಲ್ಲೋ ದುಡಿದು, ಹಡಗು ಹತ್ತಿ ಬಂದು, ನನ್ನ ಹಾಗೇ ಹಾಲೆಂಡಿನಲ್ಲಿ ಚಳಿ ಕಾಯುತ್ತಿತ್ತು. ನನಗೆ ಮೈಯೆಲ್ಲ ಜುಮ್ಮೆಂದಿತು. ಅಸಲೇ ಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಹೆಂಕ್ ಎಳೆದ ಹೊಸದರ ಬೋಲ್ಟು, ಅಂದರೆ ಗುಂಡು ತುಂಬುವ ಹಿಡಿ, ಬೆಣ್ಣೆಯಂತೆ ಜಾರಿತು; ನನ್ನ ತೆರೆದ ಬಾಯಿ ಮುಚ್ಚಿಕೊಂಡಿತು. ಅವತ್ತಿನಿಂದ ಶುರುವಾಯಿತು ಜ್ವರ. ಬಸ್ಸಿನಲ್ಲಿ ಅಸಲು, ಮೆಟ್ರೋದಲ್ಲಿ ನಕಲು. ತಿಂಗಳುಗಳು ಉರುಳಿದವು. ಉಕ್ಕಿನ ಕಪಾಟು ಖಾಲಿ ಇರುವುದನ್ನು ಗಮನಿಸಿದ ಶಾಲಿನಿ ಅದರಲ್ಲಿ ಉಪ್ಪಿನಕಾಯಿ ಭರಣಿ, ಹಪ್ಪಳದ ಕಟ್ಟು ಇಟ್ಟು ಬೀಗ ಹಾಕಿದಳು. ಯುರೋಪಿನಲ್ಲೇ ಅಷ್ಟು ಭದ್ರವಾದ ಮಾವಿನ ಮಿಡಿ ಇನ್ನೊಂದಿರಲಿಲ್ಲ.

ಹೀಗಿರುವಾಗ ನನ್ನ ಮಾವ, ಶಾಲಿನಿಯ ತಂದೆ, ಬೇಸಗೆ ಕಳೆಯಲು ಬಂದರು. ಮಂಗಳೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಅವರ ಬಗ್ಗೆ ತಿಳಿಯಬೇಕಾದ ಮುಖ್ಯ ಸಂಗತಿ, ಅವರ ಎಡಗಾಲಿನ ಮೀನಖಂಡದಲ್ಲಿ ಒಂದು ಗಾಯದ ಗುರುತು ಇದೆ. ಓದುವ ದಿನಗಳಲ್ಲಿ ಯಾವುದೋ ಚಳವಳಿಯ ಮೆರವಣಿಗೆಗೆ ಹೋಗಿದ್ದಾಗ ಪೊಲೀಸರು ಗುಂಡು ಹಾರಿಸಿ, ಒಂದು ಇವರ ಕಾಲು ಸವರಿಕೊಂಡು ಹೋಗಿತ್ತು. ಮುಂದಿನ ಸಾಲಿನಲ್ಲಿ ಬಾವುಟ ಹಿಡಿದಿದ್ದ ತಮ್ಮನ್ನೇ ಆರಿಸಿ, ಒಬ್ಬ ಪೇದೆ ಕಣ್ಣಿಗೆ ಕಣ್ಣಿಟ್ಟು ನೋಡಿ ಗುರಿಯಿಟ್ಟ ಎಂಬುದು ಅವರು ಹೇಳುವ ಕಥೆ. ಶಾಲಿನಿ ಅದನ್ನು ಕೇಳುತ್ತಲೇ ಬೆಳೆದವಳು. ನಮ್ಮ ಮದುವೆಯ ಊಟದ ಪಂಕ್ತಿಯಲ್ಲೂ ಪಂಚೆ ಮೇಲೆತ್ತಿ ಗುರುತು ತೋರಿಸಿದ್ದರು. ಖಾಕಿ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಸಬ್ ಇನ್‌ಸ್ಪೆಕ್ಟರನ ಮಗ ಎಂಬ ಒಂದೇ ಕಾರಣಕ್ಕೆ ಒಳ್ಳೆಯ ವರನನ್ನು ಬೇಡವೆಂದವರು. ಆ ಖಾಲಿ ಜಾಗಕ್ಕೇ ನಾನು ಬಂದದ್ದು.

ಆದ್ದರಿಂದ ರೈಫಲ್ಲಿನ ವಿಷಯ ಅವರಿಗೆ ತಿಳಿಯದಿರಲಿ ಎಂದು ನಾವಿಬ್ಬರೂ ನಿಶ್ಚಯಿಸಿದ್ದೆವು. ಆದರೆ ಅವರಿಗೆ ಉಪ್ಪಿನಕಾಯಿ ಬೇಕಾಯಿತು. ಮಗಳು ಬೀಗದ ಕೈ ತಂದು, ಉಕ್ಕಿನ ಕಪಾಟು ತೆರೆದು ಭರಣಿ ತೆಗೆದದ್ದನ್ನು ನೋಡಿ, ಈ ಊರಿನಲ್ಲಿ ಉಪ್ಪಿನಕಾಯಿಗೂ ಕಳ್ಳರಿದ್ದಾರಾ ಎಂದು ಕೇಳಿದರು. ಹೇಳಲೇಬೇಕಾಯಿತು. ಅವರು ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಶಾಲಿನಿಯೇ ತೀರ್ಪು ಕೊಟ್ಟಳು.

“ತಗೊಳ್ಳಲೇಬೇಕು ಅಂದ್ರೆ ಹೊಸದು ತಗೊಳ್ಳಿ. ಅದು ಯಾರಿಗೂ ಹೊಡೆದಿಲ್ಲ. ಹಳೇದು ನಮ್ಮೂರಿಂದ ಬಂದಿದ್ದು ಅಂತೀರಿ, ಅದು ಎಲ್ಲೆಲ್ಲಿ, ಯಾರ ಕಡೆ ತಿರುಗಿ ಬಂದಿದೆಯೋ ಯಾರಿಗೆ ಗೊತ್ತು?”

ನನಗೆ ಅದುವರೆಗೆ ಹೊಳೆದೇ ಇರಲಿಲ್ಲ. ಮರ, ಎಣ್ಣೆ, ತಾಮ್ರದ ತಂತಿ ಎಂದು ಕುಣಿಯುತ್ತಿದ್ದೆನೇ ಹೊರತು, ಅದರ ಮೂತಿಯ ಎದುರು ಯಾರಾದರೂ ನಿಂತಿದ್ದಿರಬಹುದು ಎಂದು ಯೋಚಿಸಿರಲಿಲ್ಲ. ಹಾಗೆ ನಿಂತಿದ್ದವರೊಬ್ಬರು ನನ್ನ ಎದುರೇ ಕೂತು ಮೊಸರನ್ನಕ್ಕೆ ಮಿಡಿ ನಂಚಿಕೊಳ್ಳುತ್ತಿದ್ದರು. ನಕಲೇ ಸರಿ ಎಂದುಬಿಟ್ಟೆ. ಆಗ ಮಾವ ಬೆರಳು ನೆಕ್ಕಿ, ಆ ಹಳೆಯ ಬೆಡಿಯನ್ನು ತಾವು ನೋಡಬೇಕು ಎಂದರು. ಅವರ ಕಡೆ ಕೋವಿಗೆ ಬೆಡಿ ಅನ್ನುತ್ತಾರೆ.

ಭಾನುವಾರ ಕ್ಲಬ್ಬಿಗೆ ಕರೆದುಕೊಂಡು ಹೋದೆ. ಅತಿಥಿಗಳು ಸದಸ್ಯರ ಪಕ್ಕ ನಿಂತು ಹೊಡೆಯಬಹುದು ಎಂಬ ನಿಯಮ ಇತ್ತು. ಹೆಂಕ್ ಎರಡನ್ನೂ ಪರೀಕ್ಷೆಗೆ ತಂದುಕೊಟ್ಟ. ಮೊದಲು ನಾನು ಹೊಡೆದೆ. ನಕಲಿನ ಗುಂಡು ಒಳ್ಳೆಯ ಹುಡುಗನಂತೆ ಹೇಳಿದ ಕಡೆ ಹೋಯಿತು. ಅಸಲು ಹೆಗಲಿಗೆ ಎಮ್ಮೆ ಹಾದ ಹಾಗೆ ಹಾದು, ಗುಂಡನ್ನು ಪಕ್ಕದ ಸಾಲಿನ ಕಾಗದಕ್ಕೆ ಕಳಿಸಿತು. ಆ ಕಾಗದದ ಯಜಮಾನ ತನ್ನ ಲೆಕ್ಕಕ್ಕೆ ಒಂದು ತೂತು ಹೆಚ್ಚಾದದ್ದಕ್ಕೆ ನನಗೆ ಕೈಯೆತ್ತಿ ವಂದಿಸಿದ. ಆಮೇಲೆ ಮಾವನ ಸರದಿ. ನಕಲನ್ನು ಅವರು ಮುಟ್ಟಲೇ ಇಲ್ಲ. ಅಸಲನ್ನು ಎತ್ತಿಕೊಂಡರು, ತೂಕ ನೋಡಿದರು, ತಿರುಗಿಸಿ ತಾಮ್ರದ ತಂತಿ ಸವರಿದರು. ವಿಮ್ ಅವರ ಭುಜಕ್ಕೆ ಸರಿಯಾಗಿ ಕೂರಿಸಿ, ಉಸಿರು ಹಿಡಿಯಲು ಹೇಳಿದ. ಎಷ್ಟು ಹೊತ್ತು ಗುರಿಯಿಟ್ಟರೆಂದರೆ ನನ್ನ ಉಸಿರೂ ನಿಂತಿತ್ತು. ಢಂ. ಮಾವ ಒಂದು ಹೆಜ್ಜೆ ಹಿಂದೆ ಸರಿದರು. ಕಾಗದದಲ್ಲಿ ತೂತೇ ಇಲ್ಲ; ಗುಂಡು ಅದಕ್ಕಿಂತ ಬಹಳ ಮೇಲೆ, ಹಿಂದಿನ ಮರಳ ದಿಬ್ಬವನ್ನು ಹೊಕ್ಕಿತ್ತು. ಇನ್ನೊಂದು ಹೊಡೆದರು. ಅದು ಬಹಳ ಕೆಳಗೆ. ಮತ್ತೊಂದು ಎಲ್ಲಿಗೆ ಹೋಯಿತೋ ಯಾರಿಗೂ ಕಾಣಲಿಲ್ಲ. ರೈಫಲ್ಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಕಿವಿಯ ಮುಚ್ಚಳ ತೆಗೆದು ಹಾಗೇ ಕೂತರು.  

ವಾಪಸು ಬರುವಾಗ, ವಿಮ್‌ನ ಕಾರಿನ ಹಿಂದಿನ ಸೀಟಿನಲ್ಲಿ, ಬಹಳ ದೂರ ಬಂದ ಮೇಲೆ ಮಾತಾಡಿದರು.

“ಆ ಪೇದೆ ನನಗೆ ಅಂತ ಹೊಡೆದದ್ದಲ್ಲ ಮಾರಾಯ. ಆ ಬೆಡಿಯಲ್ಲಿ ಬೇಕಾದವನಿಗೇ ಹೊಡೆಯಲಿಕ್ಕೆ ಅಷ್ಟು ಸುಲಭ ಇಲ್ಲ. ನಾನು ಇಷ್ಟು ಹೊತ್ತು ಗುರಿ ಹಿಡಿದು, ನಿಂತ ಕಾಗದಕ್ಕೆ ಹೊಡೆಯಲಿಕ್ಕೆ ಆಗ್ಲಿಲ್ಲ. ಅವನು ಹೆದರಿದ ಹುಡುಗ, ಎದುರಿನಿಂದ ಕಲ್ಲು ಬೀಳ್ತಾ ಉಂಟು. ಪಾಪ, ನೆಲಕ್ಕೋ ಎಲ್ಲಿಗೋ ಹೊಡೆದಿರಬೇಕು.”

 ಅಷ್ಟು ವರ್ಷ ಸಿಟ್ಟು ಮಾಡಿಕೊಂಡು ಬಂದಿದ್ದ ಮನುಷ್ಯನನ್ನು ಅವರು ಕಿಟಕಿಯಾಚೆ ಎಲ್ಲೋ ಇಳಿಸಿ ಬಿಡುತ್ತಿದ್ದಾರೆ ಎನ್ನಿಸಿತು. ವಿಮ್‌ಗೆ ಮಾತು ಅರ್ಥವಾಗದಿದ್ದರೂ ಏನೋ ತಿಳಿದವನಂತೆ ರೇಡಿಯೋ ಸದ್ದು ಕಡಿಮೆ ಮಾಡಿದ.

ಮನೆಯಲ್ಲಿ ಮಗಳಿಗೆ ತುಳುವಿನಲ್ಲಿ ಎಲ್ಲವನ್ನೂ ಹೇಳಿದರು. ಹೇಳುತ್ತಾ ಹೇಳುತ್ತಾ ಅವರ ಮುಖ ಹಗುರಾಯಿತು, ಅವಳ ಮುಖ ಕೆಂಪಾಯಿತು. ಅವರು ಮಲಗಲು ಹೋದ ಮೇಲೆ ನನ್ನನ್ನು ಅಡುಗೆಮನೆಗೆ ಕರೆದು ವಿಚಾರಿಸಿಕೊಂಡಳು. ಅಪ್ಪನ ಜೀವಮಾನದ ಆಸ್ತಿಯೇ ಆ ಕಥೆ, ಕಣ್ಣಿಗೆ ಕಣ್ಣಿಟ್ಟು ಗುರಿಯಿಟ್ಟ ಎನ್ನುವಾಗ ಮಕ್ಕಳು ಬಾಯಿ ಬಿಟ್ಟು ಕೇಳುತ್ತಿದ್ದರು, ನೀವೂ ನಿಮ್ಮ ಬಂದೂಕೂ ಸೇರಿ ಅದನ್ನು ಒಂದು ಆಕ್ಸಿಡೆಂಟ್ ಮಾಡಿ ಹಾಕಿದಿರಿ, ಇನ್ನು ಅವರು ಮದುವೆಮನೆಗಳಲ್ಲಿ ಏನು ಹೇಳಬೇಕು ಎಂದಳು.  ಆದರೆ ಮರುದಿನ ಹಾಲು ತರಲು ಹೊರಟಾಗ, ಸೈಕಲ್ಲಿನಲ್ಲಿ ಬಂದ ಪೊಲೀಸಿನವನಿಗೆ ಮಾವ ತಾವಾಗಿಯೇ ಗುಡ್ ಮಾರ್ನಿಂಗ್ ಹೇಳಿದ್ದನ್ನು ನೋಡಿದೆ. ಅವನು ಇಳಿದು ಕೈಕುಲುಕಿದ. ಮಾವ ಆ ಕೈಯನ್ನು ಸ್ವಲ್ಪ ಹೊತ್ತು ಬಿಡಲಿಲ್ಲ. ಇದನ್ನು ಶಾಲಿನಿಗೆ ಹೇಳಿದೆ. ಅವಳು ಕಪಾಟಿನಿಂದ ಭರಣಿಗಳನ್ನು ತೆಗೆದು ಫ್ರಿಜ್ಜಿನ ಮೇಲೆ ಜೋಡಿಸಿದಳು.

ಶನಿವಾರ ಮಾವನ ಜೊತೆ ಹೋಗಿ, ಹಸಿರು ಬಟ್ಟೆಯ ಮೇಲೆ ಮಲಗಿದ್ದ ಎರಡರಲ್ಲಿ ಹಳೆಯದರ ಮೇಲೆ ಕೈಯಿಟ್ಟೆ. ಜ್ವರ ಬರಲಿಲ್ಲ. ಬದುಕಿನಲ್ಲಿ ಅದೊಂದೇ ಸಲ ಎರಡನೆಯದರ ಕಡೆ ತಿರುಗಿ ನೋಡದೆ ಅಂಗಡಿಯಿಂದ ಹೊರಬಂದದ್ದು. ಎಂಥ ಉತ್ಸಾಹ ಅಂತೀರಿ! ಮನೆ ಮುಟ್ಟುವವರೆಗೆ ಅಳಿಯ ಮಾವ ಇಬ್ಬರೂ ಹಬ್ಬಕ್ಕೆ ಬಟ್ಟೆ ತಂದ ಮಕ್ಕಳ ಹಾಗಿದ್ದೆವು.

ಮಾವ ಮಂಗಳೂರಿಗೆ ಮರಳಿದರು. ಅವರ ಕಥೆಯ ಬಗ್ಗೆ ಶಾಲಿನಿ ಪಟ್ಟ ಚಿಂತೆಯೆಲ್ಲ ದಂಡ. ಅತ್ತೆ ಫೋನಿನಲ್ಲಿ ಹೇಳಿದ ಪ್ರಕಾರ ಕಥೆ ಈಗ ಮೊದಲಿಗಿಂತ ಉದ್ದವಾಗಿದೆ. ಮೆರವಣಿಗೆಯಿಂದ ಹಾಲೆಂಡಿಗೆ ಬಂದು, ಅದೇ ಜಾತಿಯ ಬೆಡಿಯನ್ನು ಸ್ವತಃ ಹಾರಿಸಿ, ಪೇದೆಯನ್ನು ಕ್ಷಮಿಸುವಲ್ಲಿ ಮುಗಿಯುತ್ತದಂತೆ. ಕೇಳಿದವರು ಕಣ್ಣು ಒರೆಸಿಕೊಳ್ಳುತ್ತಾರಂತೆ. ನಡುವೆ ನಗು ಬರಲಿ ಎಂದು ಅಳಿಯನ ಪ್ರಸಂಗವೂ ಒಂದಿದೆಯಂತೆ. ನನ್ನ ಅಳಿಯ ಗುರಿಯನ್ನೇನೋ ಶಿಸ್ತಾಗಿ ಇಡುತ್ತಾನೆ, ಬೆಡಿಯ ಕುದುರೆ ಎಳೆಯುವಾಗ ಮಾತ್ರ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಾನೆ ಎಂದು.

ಶುದ್ಧ ಸುಳ್ಳು ಎಂದು ಎರಡು ದಿನ ವಾದಿಸಿದೆ. ಭಾನುವಾರ ಕ್ಲಬ್ಬಿನಲ್ಲಿ ಸ್ವತಃ ಪರೀಕ್ಷಿಸಲು ನೋಡಿದೆ. ಆದರೆ ಕಣ್ಣು ಮುಚ್ಚಿದೆಯೋ ಇಲ್ಲವೋ ಎಂದು ನೋಡಲು ಕಣ್ಣೇ ಬೇಕಲ್ಲ. ಕೊನೆಗೆ ವಿಮ್‌ನನ್ನು ಕೇಳಿದೆ. ಅವನು ಸ್ವಲ್ಪ ಸಂಕೋಚದಿಂದ, ಹೌದು, ಮೊದಲ ದಿನದಿಂದಲೂ ಹಾಗೇ ಎಂದ. ಮತ್ತೆ ಇಷ್ಟು ದಿನ ಯಾಕಪ್ಪಾ ಹೇಳಲಿಲ್ಲ ಎಂದರೆ, ಬಹಳ ಗೌರವದಿಂದ ಉತ್ತರ ಕೊಟ್ಟ.

“ಅದು ನಿಮ್ಮ ಪ್ರಾರ್ಥನೆ ಅಂದುಕೊಂಡಿದ್ದೆವು.”