ಅಗಿದು ತಿಂದ ಮುದ್ದೆ

ನನ್ನ ಗಂಟಲಿಗೂ ಬೇರೆಯವರ ನಗುವಿಗೂ ಅದೇನು ನಂಟೋ ಕಾಣೆ. ನಾನು ಸಾಯ್ತಾ ಇದ್ರೂ ಎದುರಿಗಿದ್ದೋರು ನಗೋ ಹಾಗೇ ಏನಾದ್ರೂ ನಡೆದುಬಿಡುತ್ತೆ. ಒಂದೆರಡು ಸಲ ಅಲ್ಲ ಕಣ್ರೀ.

೧. ಕ್ಯಾಂಟೀನ್ ಕುಣಿತ

ಹೂಟಗಳ್ಳಿ ಫ್ಯಾಕ್ಟರೀಲಿ ಲೇತ್ ಓಡಿಸ್ತೀನಿ. ಎರಡು ವರ್ಷದ ಹಿಂದೆ ತಿಂದಿದ್ದು ಎದೆ ಹತ್ರ ನಿಲ್ಲೋಕೆ ಶುರುವಾಯ್ತು. ನೀರು ಕುಡಿದ್ರೆ ನೀರೂ ನಿಲ್ಲೋದು. ಎದ್ದು ನಿಂತು, ಕೈ ಮೇಲೆತ್ತಿ ಎರಡು ಸಲ ಕುಪ್ಪಳಿಸಿದ್ರೆ ಒಂದು ತುತ್ತು ಇಳೀತಿತ್ತು. ಇಲ್ಲಾಂದ್ರೆ ವಾಪಸ್ ಬಾಯಿಗೇ. ಬೆಲ್ಟಿಗೆ ಹೊಸ ತೂತು ಕೊರೆದೂ ಪ್ಯಾಂಟು ನಿಲ್ತಿರಲಿಲ್ಲ.

ಒಂದಿನ ಹಸಿವು ತಡೀಲಾರದೆ, ಕಣ್ಣಲ್ಲಿ ನೀರು ಹಾಕ್ಕೊಂಡೇ ಕ್ಯಾಂಟೀನಲ್ಲಿ ಕುಪ್ಪಳಿಸ್ತಿದ್ದೆ. ಪಕ್ಕದ ಮೆಷಿನ್ನಿನೋನು ತಟ್ಟೆ ಬಿಟ್ಟು ಎದ್ದು ಬಂದ. ಸದ್ಯ, ಒಬ್ಬನಿಗಾದ್ರೂ ಕರುಳು ಚುರುಕ್ ಅಂತಲ್ಲ ಅಂದ್ಕೊಂಡೆ. ಅವನು ಕಿವಿ ಹತ್ರ ಬಗ್ಗಿ, "ಗುರು, ಎಷ್ಟು ಚೆನ್ನಾಗಿ ಸಣ್ಣ ಆಗಿದ್ದೀಯ! ಕುಪ್ಪಳಿಸೋದು ಊಟಕ್ಕೆ ಮುಂಚೆನೋ, ಆಮೇಲೋ? ನಮ್ಮನೆಯೋಳಿಗೆ ಹೇಳ್ಬೇಕು" ಅಂದ.

೨. ಅವ್ವನ ಮದ್ದು

ಆಸ್ಪತ್ರೇಲಿ ಸುಣ್ಣದ ನೀರಿನಂಥದ್ದು ಕುಡಿಸಿ ಎಕ್ಸ್‌ರೇ ತೆಗೆದ್ರು. ಡಾಕ್ಟ್ರು ಅವ್ವನಿಗೆ ತೋರಿಸಿದ್ರು: "ನೋಡೀಮ್ಮ, ಇದು ಅನ್ನನಾಳ. ಕೆಳಗೆ ಹೊಟ್ಟೆಗೆ ಹೋಗೋ ಬಾಯಿ ಸಡಿಲ ಆಗ್ತಿಲ್ಲ. ಆಪರೇಷನ್ ಮಾಡಿ ಅಲ್ಲಿನ ಬಿಗಿ ಸ್ನಾಯು ಕತ್ತರಿಸ್ಬೇಕು."

"ಕುಯ್ಯೋದ್ಯಾಕೆ ಬುಡಿ ಸ್ವಾಮಿ" ಅಂದ್ಲು ಅವ್ವ. "ಮೀನ್ ಮುಳ್ಳು ಸಿಕ್ಕಾಕ್ಕೊಂಡ್ರೆ ನಾವು ಮುದ್ದೆ ನುಂಗ್ತೀವಿ, ಅದೇ ತಳ್ಕೊಂಡ್ ಓಯ್ತದೆ."

ಡಾಕ್ಟ್ರು ಚಿತ್ರದ ಮೇಲೆ ಪೆನ್ನಿಟ್ಟು, "ಇಲ್ಲೇನೋ ಗುಂಡಗೆ ನಿಂತಿದೆಯಲ್ಲ, ಏನಿದು?" ಅಂತ ಕೇಳಿದ್ರು.

ಅವ್ವ ತಲೆ ಬಗ್ಗಿಸಿದ್ಲು. "ಅದೇ ಸ್ವಾಮಿ, ನೆನ್ನೆ ನುಂಗ್ಸಿದ್ದು. ಇನ್ನೂ ವಸಿ ದಪ್ಪ ಕಟ್ಬೇಕಿತ್ತು."

೩. ಬಾಗಿಲು ಹಾಕಿದ ಊಟ

ಆಪರೇಷನ್ ಆಯ್ತು. ಹೊಟ್ಟೆ ಮೇಲೆ ಐದು ತೂತು, ಆಮೇಲೆ ವಾರಗಟ್ಟಲೆ ಗಂಜಿ. ನನಗಿದ್ದಿದ್ದು ಒಂದೇ ಆಸೆ. ಬಸ್ಸಾರಲ್ಲಿ ಅದ್ದಿ ಒಂದು ಮುದ್ದೆ ತಿನ್ಬೇಕು. ಅದೂ ಇಲ್ಲಾಂದ್ರೆ ಬದುಕಿ ಏನು ಸುಖ ಅಂತ ಗೋಡೆ ಕಡೆ ತಿರುಗಿ ಮಲಗ್ತಿದ್ದೆ.

ಮೂರು ತಿಂಗಳಾದ್ಮೇಲೆ ಡಾಕ್ಟ್ರು, "ತಿನ್ನಿ. ಆದ್ರೆ ನಿಮ್ಮ ಅನ್ನನಾಳ ಇನ್ಮೇಲೂ ತಳ್ಳಲ್ಲ, ತಿಂದಿದ್ದು ತಾನಾಗೇ ಜಾರಬೇಕು. ಚೆನ್ನಾಗಿ ಅಗಿದು ತಿನ್ನಿ" ಅಂದ್ರು.

"ಮುದ್ದೇನೂ ಅಗೀಬೇಕಾ ಸಾರ್?"

"ಮುದ್ದೇನೂ. ಜೀವನಪೂರ್ತಿ."

ನಮ್ಮ ಕಡೆ ಮುದ್ದೆ ನುಂಗೋದೇ ಹೊರತು ಯಾರೂ ಅಗಿಯಲ್ಲ, ಅಗಿದ್ರೆ ಊರೇ ನಗುತ್ತೆ. ಅವ್ವ ಬಿಸಿ ಮುದ್ದೆ ಕಟ್ಟಿ, ಬಸ್ಸಾರು ಬಿಟ್ಟು ಎದುರಿಗೆ ಕೂತ್ಲು. ನಾನು ತುತ್ತು ಬಾಯಿಗಿಟ್ಟು ಅಗಿಯೋಕೆ ಶುರು ಮಾಡಿದೆ. ಅವಳಿಗೆ ನೋಡೋಕಾಗಲಿಲ್ಲ. ಎದ್ದು ಹೋಗಿ ಬೀದಿ ಬಾಗಿಲು ಹಾಕಿ ಚಿಲಕ ಜಡಿದು ಬಂದ್ಲು.

ತುತ್ತು ಇಳೀತು. ಕುಪ್ಪಳಿಸದೇ ಇಳೀತು. ನನಗೆ ಅಳು ತಡೆಯೋಕಾಗಲಿಲ್ಲ.

"ಯಾಕ್ಲಾ ಮಗ, ಸಿಕ್ಕಾಕ್ಕೊಂತಾ?"

"ಇಲ್ಲ ಕಣವ್ವ, ಇಳೀತು. ಆದ್ರೆ ಅಗೀತಾ ಅಗೀತಾ ಸಾರು ಇಳಿದುಹೋದ್ಮೇಲೆ ಬಾಯ್ತುಂಬ ಬರೀ ಹಿಟ್ಟು, ಒಂದು ಚೂರೂ ರುಚಿ ಇಲ್ಲ! ಇದಕ್ಕಾ ನಾನು ಹೊಟ್ಟೆ ಕುಯ್ಯಿಸ್ಕೊಂಡಿದ್ದು? ನಲವತ್ತು ವರ್ಷದಿಂದ ಇಕ್ತಿದ್ದೀಯ, ಒಂದು ಮಾತು ಹೇಳ್ಬಾರ್ದಿತ್ತಾ?"

ಅವ್ವ ಸೆರಗಲ್ಲಿ ಕಣ್ಣೊರೆಸ್ಕೊಂಡ್ಲು. "ನಂಗೇನ್ಲಾ ಗೊತ್ತು? ನಾನ್ಯಾವತ್ತು ಅಗ್ದಿದ್ದೀನಿ?"