ಲಾಗ್ ಪುಸ್ತಕಕ್ಕೆ ಸೇರದ ಶೆಟ್ಟರು

ಶಿಸ್ತು ಚಿಕ್ಕ ವಯಸ್ಸಿನಲ್ಲಿ ಅಂಟಿಕೊಂಡರೆ ಯಾವ ದೇಶಕ್ಕೆ ಹೋದರೂ ಜೊತೆಗೇ ಬರುತ್ತದೆ. ಅದಕ್ಕೆ ವೀಸಾ ಬೇಕಿಲ್ಲ. ನಾನು ಮೈಸೂರಿನ ಸರ್ಕಾರಿ ವೈರ್‌ಲೆಸ್ ಕೇಂದ್ರವೊಂದರಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು. ಅಲ್ಲಿನ ಮೇಲಧಿಕಾರಿಗಳದು ಒಂದೇ ನಿಯಮ: ಲಾಗ್ ಪುಸ್ತಕದಲ್ಲಿ ಬರೆಯದ ಮಾತು ಆಡಿದ ಮಾತೇ ಅಲ್ಲ. ಯಾರೊಡನೆ, ಎಷ್ಟು ಗಂಟೆಗೆ, ಧ್ವನಿ ಎಷ್ಟು ಸ್ಪಷ್ಟ, ನಾವು ಕೊಟ್ಟ ಉತ್ತರವೇನು, ಎಲ್ಲವೂ ಶಾಯಿಯಲ್ಲಿ ಇರಬೇಕು. ನಿವೃತ್ತನಾಗಿ ಸಿಡ್ನಿಯ ಪ್ಯಾರಮಟ್ಟಾದಲ್ಲಿ ಮಗಳ ಮನೆ ಸೇರಿದ ಮೇಲೆ ಹವ್ಯಾಸಿ ರೇಡಿಯೋ ಲೈಸೆನ್ಸ್ ಪಡೆದೆ, ಹಿತ್ತಲಲ್ಲಿ ಆಂಟೆನಾ ತಂತಿ ಎಳೆದೆ, ಕೆಂಪು ರಟ್ಟಿನ ಲಾಗ್ ಪುಸ್ತಕವೊಂದನ್ನು ತೆರೆದೆ. ಅದರಲ್ಲಿ ಸಮಯವನ್ನು ಇಂಗ್ಲೆಂಡಿನ ಗ್ರೀನಿಚ್ ಲೆಕ್ಕದಲ್ಲೇ ಬರೆಯುವುದು ನಮ್ಮ ರೇಡಿಯೋದವರ ಪದ್ಧತಿ. ಅದಕ್ಕಾಗಿ ಅಡುಗೆಮನೆಯ ಗೋಡೆಗೆ ಗ್ರೀನಿಚ್ ಗಡಿಯಾರ ತೂಗುಹಾಕಿದೆ. ಅದರ ಪ್ರಕಾರ ಬೆಳಗಿನ ಕಾಫಿಯನ್ನು ನಾನು ಹಿಂದಿನ ರಾತ್ರಿಯೇ ಕುಡಿದಿರುತ್ತೇನೆ. ನನ್ನ ಹೆಂಡತಿ ಸರೋಜಾ ಒಮ್ಮೆ ಅದನ್ನು ನಂಬಿ ಅನ್ನಕ್ಕಿಟ್ಟವಳು, ಆಮೇಲೆ ಅದರ ಮೇಲೊಂದು ಟವೆಲ್ ಹೊದಿಸಿಬಿಟ್ಟಳು.

ಈ ರೇಡಿಯೋದಿಂದ ನನಗೆ ಸಿಕ್ಕವರು ಮೆಲ್ಬರ್ನಿನ ಶೆಟ್ಟರು. ಉಡುಪಿಯವರು, ಹಡಗಿನಲ್ಲಿ ರೇಡಿಯೋ ಅಧಿಕಾರಿಯಾಗಿದ್ದವರು. ಪ್ರತಿದಿನ ಬೆಳಗ್ಗೆ ಏಳಕ್ಕೆ ಸರಿಯಾಗಿ ಇಬ್ಬರೂ ಹಾಜರ್. ಹವಾಮಾನ, ಮಂಡಿನೋವು, ಕೊತ್ತಂಬರಿ ಸೊಪ್ಪಿನ ಅಭಾವ, ಎಲ್ಲವನ್ನೂ 'ಓವರ್', ಅಂದರೆ ಇನ್ನು ನಿಮ್ಮ ಸರದಿ, ಎಂಬ ಮುದ್ರೆ ಒತ್ತಿ ರವಾನಿಸುತ್ತಿದ್ದೆವು. ವರ್ಷಗಳಾದರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ನೋಡುವ ಅಗತ್ಯವೂ ಕಂಡಿರಲಿಲ್ಲ.

ತೊಂದರೆ ಶುರುವಾದದ್ದು ಶೆಟ್ಟರು ಮೆಲ್ಬರ್ನಿನ ಅಂಚಿನ ವಿಂಡಮ್ ವೇಲ್‌ನ ಹೊಸ ಬಡಾವಣೆಗೆ ಮನೆ ಬದಲಿಸಿದಾಗ. ಅಲ್ಲಿ ಎತ್ತರದ ಆಂಟೆನಾ ಕಂಬ ನಿಲ್ಲಿಸಬಾರದೆಂಬ ಕಟ್ಟಳೆ. ಕಂಬ ಬೇಲಿಗೆ ಒರಗಿ ಮಲಗಿತು, ನಮ್ಮ ಏಳು ಗಂಟೆಯ ಮಾತೂ ನಿಂತಿತು. ಅವರ ಹೆಂಡತಿ ವಾಸಂತಿ ಅದಕ್ಕೆ ಬಸಳೆ ಬಳ್ಳಿ ಹಬ್ಬಿಸಿದರು. ಆಗ ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ಅಳಿಯ ಸುಧೀರ ದಾರಿ ಹೇಳಿದ.

"ಸಿಂಪಲ್ ಮಾವ. ನಿಮ್ಮ ಕೈಲಿರೋ ಸೆಟ್ಟಿಂದ ಮಾತು ಗುಡ್ಡದ ಮೇಲಿರೋ ರೇಡಿಯೋ ಕ್ಲಬ್ ಸ್ಟೇಷನ್‌ಗೆ ಹೋಗತ್ತೆ. ಅಲ್ಲಿರೋ ಕಂಪ್ಯೂಟರ್ ಅದನ್ನ ಇಂಟರ್‌ನೆಟ್‌ನಲ್ಲಿ ಮೆಲ್ಬರ್ನ್ ಸ್ಟೇಷನ್‌ಗೆ ಕಳಿಸತ್ತೆ. ಅಲ್ಲಿಂದ ಮತ್ತೆ ರೇಡಿಯೋದಲ್ಲಿ ಶೆಟ್ಟಿ ಅಂಕಲ್ ಕೈಗೆ."

"ಮಧ್ಯದ ಅಷ್ಟು ದೂರ?"

"ಕೇಬಲ್ಲು."

"ಹಾಗಾದ್ರೆ ಇದು ಟೆಲಿಫೋನೇ ಅಲ್ವೇನಪ್ಪಾ?"

ಅವನು ತಲೆ ಕೆರೆದುಕೊಂಡ. "ಟೆಲಿಫೋನಲ್ಲಿ ಯಾರೂ ಓವರ್ ಅನ್ನಲ್ಲ ಅಲ್ವಾ, ಮಾವ?"

ಕುತೂಹಲ ತಡೆಯಲಾಗಲಿಲ್ಲ. ಪ್ರಯತ್ನಿಸಿದೆ. ಶೆಟ್ಟರ ಧ್ವನಿ ಪಕ್ಕದ ಕುರ್ಚಿಯಿಂದ ಬಂದಂತಿತ್ತು. ಗೊರಗೊರ ಸದ್ದಿಲ್ಲ, ಏರಿಳಿತವಿಲ್ಲ. ಮೊದಲೆಲ್ಲ ಸೆಟ್ಟು ಹಚ್ಚುವ ಮುನ್ನ ಆಕಾಶ ನೋಡುತ್ತಿದ್ದವನು ಈಗ ಗುಡ್ಡದ ಕಂಪ್ಯೂಟರ್ ಎದ್ದಿದೆಯೇ ಎಂದು ವಿಚಾರಿಸಿಕೊಳ್ಳುವಂತಾಯಿತು. ಮುಂದೆ ಏನಾಗಬಹುದು? ಇಂಥ ಗುಡ್ಡಗಳೆಲ್ಲ ಒಂದಕ್ಕೊಂದು ಹೆಣೆದುಕೊಂಡರೆ, ಪ್ಯಾರಮಟ್ಟಾ ಸ್ಟೇಷನ್ನಿನಲ್ಲಿ ರೈಲು ಕಾಯುತ್ತ ಅಂಗೈಯಗಲದ ಸೆಟ್ಟಿನಲ್ಲಿ ಉಡುಪಿಯನ್ನೇ ಕರೆಯಬಹುದೇ? ಆಗ ತಂತಿ ಎಳೆಯುವವರು ಉಳಿಯುತ್ತಾರೆಯೇ? ಹೀಗೆಲ್ಲ ಯೋಚಿಸುತ್ತಲೇ ಎರಡು ವರ್ಷ ದಿನವೂ ಏಳಕ್ಕೆ ಮಾತಾಡಿದೆ. ಆದರೆ ಒಂದು ದಿನವೂ ಲಾಗ್ ಪುಸ್ತಕದಲ್ಲಿ ಬರೆಯಲಿಲ್ಲ. ನನ್ನ ರೇಡಿಯೋ ಅಲೆ ಹೋಗಿದ್ದು ಗುಡ್ಡದವರೆಗೆ ಮಾತ್ರ. ಮೆಲ್ಬರ್ನ್ ಎಂದು ಬರೆದರೆ ಸುಳ್ಳು ದಾಖಲೆ!

ಒಂದು ಬೆಳಗ್ಗೆ ಶೆಟ್ಟರು ಸಹಜವಾಗಿ ಕೇಳಿದರು, "ರಾಯರೇ, ನಾನು ಈ ಮನೆಗೆ ಬಂದ ಮೇಲೆ ಮೊದಲ ಸಲ ಮಾತಾಡಿದ್ದು ಯಾವತ್ತು? ನಿಮ್ಮ ಬುಕ್ಕಲ್ಲಿ ಉಂಟಲ್ಲ, ನೋಡಿ ಹೇಳಿ. ಓವರ್."

ಸುಳ್ಳು ಹೇಳಲು ಬಾರದು. ಬರೆದಿಲ್ಲವೆಂದೆ. ಕಾರಣವನ್ನೂ ವಿವರಿಸಿದೆ, ಗುಡ್ಡದ ಸಮೇತ.

"ಹಾಗಾದ್ರೆ ಎರಡು ವರ್ಷ ನೀವು ಗುಡ್ಡದ ಹತ್ರ ಮಾತಾಡಿದ್ದಾ, ಮಾರಾಯ್ರೇ?" ಈ ಸಲ ಅವರು ಓವರ್ ಎನ್ನಲಿಲ್ಲ.

ಮರುದಿನ ಏಳಕ್ಕೆ ಶೆಟ್ಟರಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ನನ್ನ ಏಳು ಗಂಟೆಯ ಕಾಫಿ ಏಳೂಕಾಲಕ್ಕೆ ಹೋಯಿತು. ನನ್ನ ಮಟ್ಟಿಗೆ ಅದು ಅನಾರೋಗ್ಯದ ಲಕ್ಷಣ. ಫೋನ್ ಮಾಡಿದೆ. ವಾಸಂತಿಯವರು ಎತ್ತಿಕೊಂಡರು. "ಇವರಾ? ಗುಡ್ಡದ ಹತ್ರ ಮಾತಾಡ್ಲಿಕ್ಕೆ ಹೋಗಿದ್ದಾರೆ."

"ಹೋಗಿ ಬನ್ನಿ," ಎಂದಳು ಸರೋಜಾ. "ನೀವು ಹೀಗೆ ಗೋಡೆ ನೋಡ್ಕೊಂಡು ಕೂತ್ರೆ ನನಗೆ ಕೆಲಸ ಸಾಗಲ್ಲ."

ಲಾಗ್ ಪುಸ್ತಕವನ್ನೂ ಕೈ ಸೆಟ್ಟನ್ನೂ ಚೀಲಕ್ಕೆ ಹಾಕಿಕೊಂಡು ವಿಮಾನ ಹತ್ತಿದೆ. ಬಾಗಿಲು ತೆರೆದ ಶೆಟ್ಟರು ನಾನು ಊಹಿಸಿದ್ದಕ್ಕಿಂತ ಕುಳ್ಳಗಿದ್ದರು. ಅವರಿಗೂ ನನ್ನ ಬಗ್ಗೆ ಹಾಗೇ ಅನ್ನಿಸಿರಬೇಕು. ಮೇಜಿನ ಎದುರುಬದುರು ಕುಳಿತೆವು. ಯಾರ ಸರದಿ ಎಂದು ತಿಳಿಯದೆ ಇಬ್ಬರೂ ಒಟ್ಟಿಗೇ ಬಾಯಿ ತೆರೆದು ಒಟ್ಟಿಗೇ ಮುಚ್ಚುತ್ತಿದ್ದೆವು. ವಾಸಂತಿಯವರು ಒಬ್ಬರೇ ಮಾತಾಡಿ ಸುಸ್ತಾದರು.

ಮರುದಿನ ಬೆಳಗ್ಗೆ ಏಳಕ್ಕೆ, ಅಭ್ಯಾಸಬಲದಿಂದ, ನಾನು ಸೆಟ್ಟು ಹಿಡಿದು ಬಸಳೆ ಕಂಬದ ಪಕ್ಕ ನಿಂತಿದ್ದೆ. ಅಷ್ಟು ಹತ್ತಿರಕ್ಕೆ ಕಂಪ್ಯೂಟರಿನ ಹಂಗಿಲ್ಲ. ಸೆಟ್ಟಿನಿಂದ ಸೆಟ್ಟಿಗೆ ನೇರ. ಗುಂಡಿ ಒತ್ತಿದೆ.

"ಶೆಟ್ರೇ, ತಪ್ಪಾಯ್ತು. ಮೂರು ದಿನ ಏಳು ಗಂಟೆಗೆ ಗುಡ್ಡ ಇತ್ತು, ಕಂಪ್ಯೂಟರೂ ಇತ್ತು. ನೀವಿರಲಿಲ್ಲ. ಓವರ್."

ಅಡುಗೆಮನೆಯ ಕಿಟಕಿಯಲ್ಲಿ, ಕೈ ಸೆಟ್ಟಿನ ಹಿಂದೆ, ಶೆಟ್ಟರ ಬೋಳುತಲೆ ಅಲ್ಲಾಡಿತು. "ಕೇಳಿತು ಮಾರಾಯ್ರೇ, ಬಹಳ ಸ್ಪಷ್ಟ. ಒಳಗೆ ಬನ್ನಿ, ನೀರುದೋಸೆ ತಣ್ಣಗಾಗ್ತದೆ. ಇದನ್ನಾದ್ರೂ ಬರೀತೀರಲ್ಲ? ಓವರ್."

ಬರೆದೆ. ಅದರ ಮೇಲಿನ ಸಾಲಿನಲ್ಲಿ 'ಎರಡು ವರ್ಷ, ಪ್ರತಿದಿನ, ಗುಡ್ಡದ ಮೂಲಕ' ಎಂದೂ ಸೇರಿಸಿದೆ. ನನ್ನ ಮೇಲಧಿಕಾರಿಗಳು ನೋಡಿದ್ದರೆ ಅಂದೇ ಮೆಮೊ ಕೊಡುತ್ತಿದ್ದರು.

ಪ್ಯಾರಮಟ್ಟಾಕ್ಕೆ ಮರಳಿ ಎಲ್ಲವನ್ನೂ ಸರೋಜಾಗೆ ಹೇಳಿದೆ. ಅವಳು ಪುಸ್ತಕ ತೆರೆದು ಆ ಎರಡು ಸಾಲುಗಳನ್ನು ನಿಧಾನವಾಗಿ ಓದಿದಳು. "ಗುಡ್ಡದಿಂದ ಬಂದ ಮಾತೂ ಬರೆದ್ರಿ, ಕಿಟಕಿಯಿಂದ ಬಂದದ್ದೂ ಬರೆದ್ರಿ. ಅಡುಗೆಮನೆಯಿಂದ ನಾನು ನಲವತ್ತು ವರ್ಷ ಕೂಗಿದ್ದು ಯಾವ ಬುಕ್ಕಲ್ಲಿದೆ ರೀ?"

ನಾನು ಪೆನ್ನು ತೆಗೆದುಕೊಂಡೆ. ಟವೆಲ್ ಸರಿಸಿ ಗ್ರೀನಿಚ್ ಸಮಯ ನೋಡಿದೆ. ಕೇಂದ್ರ: ಅಡುಗೆಮನೆ. ಧ್ವನಿ: ಅತಿ ಸ್ಪಷ್ಟ. ಇನ್ನುಳಿದದ್ದು ನಾವು ಕೊಟ್ಟ ಉತ್ತರದ ಕಾಲಮ್ಮು. ಅದು ಇವತ್ತಿಗೂ ಖಾಲಿಯಿದೆ.