ನಾಗಮ್ಮನ ಬಳೆಯೂ ನನ್ನ ತರಬೇತಿಯೂ

ಬೇರೆಯವರಿಗೆ ಕಲಿಸುವುದರಲ್ಲಿ ಇರುವ ಸುಖ ನಾವೇ ಕಲಿಯುವುದರಲ್ಲಿ ಇಲ್ಲ ಎಂಬುದನ್ನು ನಾನು ನಲವತ್ತೇಳನೆಯ ವಯಸ್ಸಿನಲ್ಲಿ ಕಂಡುಕೊಂಡೆ. ಶಹಾಪುರದ ಒಂದು ಸಣ್ಣ ಖಾಸಗಿ ಮೂಳೆ ಆಸ್ಪತ್ರೆಯಲ್ಲಿ ನಾನು ಹಿರಿಯ ನರ್ಸ್. ಹಿರಿಯ ಎಂದರೆ, ಬೇರೆಯವರು ಮಾಡಿದ ಕೆಲಸ ನೋಡಿ ತುಟಿ ಕೊಂಕಿಸುವ ಅಧಿಕಾರ ಉಳ್ಳವಳು ಎಂದರ್ಥ. ಆ ಅಧಿಕಾರವನ್ನು ನಾನು ಇಪ್ಪತ್ತು ವರ್ಷಗಳಿಂದ ಒಂದು ದಿನವೂ ರಜೆ ಹಾಕದೆ ಚಲಾಯಿಸಿದ್ದೇನೆ. ಹೀಗಿರುವಾಗ, ಮೂಳೆ ಮತ್ತು ಕೀಲುಗಳ ಶುಶ್ರೂಷೆಯ ಬಗ್ಗೆ ನರ್ಸುಗಳಿಗೆ ಯಾದಗಿರಿಯಲ್ಲಿ ಎರಡು ದಿನಗಳ ತರಬೇತಿ ಇದೆ, ಹೋಗಿ ಬನ್ನಿ ಎಂದು ನಮ್ಮ ಡಾಕ್ಟರು ಹೇಳಿದಾಗ ನನಗೆ ಅವಮಾನವಾಯಿತು. "ಸಲೀಮನ್ನ ಕಳಸ್ರಿ ಸರ್, ಅವನಿಗಿ ಕಲಿಯೂದು ಭಾಳ ಅದ" ಎಂದೆ. ಸಲೀಂ ನಮ್ಮ ವಾರ್ಡಿನ ಇನ್ನೊಬ್ಬ ನರ್ಸ್. ಎಲ್ಲರೂ ಬ್ರದರ್ ಎನ್ನುತ್ತಾರೆ. ಹತ್ತು ವರ್ಷದಿಂದ ನನ್ನ ಕೈಕೆಳಗಿದ್ದಾನೆ, ಮಾತು ಕಡಿಮೆ. ಡಾಕ್ಟರು ನಕ್ಕು, ಹೆಸರು ಕಳಿಸಿ ಆಗಿದೆ ಎಂದರು.

ತರಬೇತಿಯ ಹಿಂದಿನ ಸಂಜೆ ಸುರಪುರದ ಕಡೆಯ ನಾಗಮ್ಮ ಎಂಬ ಹೆಣ್ಣುಮಗಳು ಬಂದಳು. ಹತ್ತಿ ತುಂಬಿದ ಟ್ರ್ಯಾಕ್ಟರಿನ ಮೇಲಿಂದ ಜಾರಿ ಬಿದ್ದು ಬಲ ಮುಂಗೈ ಮುರಿದುಕೊಂಡಿದ್ದಳು. ಡಾಕ್ಟರು ಮೂಳೆ ಕೂಡಿಸಿ, ಒಂದು ಬದಿಗೆ ಅರ್ಧ ಪ್ಲಾಸ್ಟರ್ ಹಾಕುವುದನ್ನೂ ಅದರ ಮೇಲೆ ಬ್ಯಾಂಡೇಜ್ ಸುತ್ತುವುದನ್ನೂ ನನಗೆ ಬಿಟ್ಟು ಹೋದರು. ಆ ಕೈಯಲ್ಲಿ ಆರು ಹಸಿರು ಬಳೆ. ಪುಸ್ತಕದ ಪ್ರಕಾರ ಮೊದಲು ಅವನ್ನು ತೆಗೆಯಬೇಕು. ತೆಗೆಯುವುದೆಂದರೆ ಊದಿದ ಕೈಯಿಂದ ಜಾರುವುದಿಲ್ಲ, ಒಡೆಯಲೇಬೇಕು. ನಾಗಮ್ಮ ಅಳತೊಡಗಿದಳು. "ಅಕ್ಕಾರ, ನನ ಗಂಡ ಕಡೇಚೂರದಾಗ ಫ್ಯಾಕ್ಟರಿ ಕೆಲಸಕ್ಕ ಹೋಗ್ಯಾನ್ರಿ. ಬೆಂಕಿ ಮುಂದ ನಿಂದ್ರೂ ಕೆಲಸ. ಇಂಥಾ ಹೊತ್ತಿನ್ಯಾಗ ಬಳಿ ಒಡೀಬ್ಯಾಡ್ರಿ" ಎಂದಳು. ನಮ್ಮ ಕಡೆ ಬಳೆ ಒಡೆಯಿತು ಎಂದು ಬಾಯಿಬಿಟ್ಟು ಹೇಳುವುದೂ ಇಲ್ಲ. ನಾನೂ ಬಳೆ ತೊಟ್ಟವಳೇ. ಇಂಥ ಹೊತ್ತಿಗೆ ನಾನು ಒಂದು ಉಪಾಯ ಇಟ್ಟುಕೊಂಡಿದ್ದೆ: ಬಳೆಗಳನ್ನು ಮೆಲ್ಲಗೆ ಮೇಲಕ್ಕೆ, ಮೊಳಕೈ ಹತ್ತಿರಕ್ಕೆ ತಳ್ಳಿ, ಅವುಗಳ ಅಡಿಯಲ್ಲಿ ಹತ್ತಿ ಸುತ್ತಿ, ಅಲ್ಲಿಂದ ಕೆಳಗೆ ಪ್ಲಾಸ್ಟರ್. ರೋಗಿಗೂ ಸಮಾಧಾನ, ನನಗೂ ಪುಣ್ಯ. ಈ ಉಪಾಯವನ್ನು ನಾನು ವಾರ್ಡಿಗೆ ಬಂದ ಎಷ್ಟೋ ಹೊಸ ಹುಡುಗಿಯರಿಗೆ ಹೆಮ್ಮೆಯಿಂದ ಕಲಿಸಿದ್ದೆ.

ಇನ್ನು ಬಿಗಿಯ ವಿಷಯ. ನಮ್ಮ ಸೀಮೆಯ ಜನಕ್ಕೆ ಸಡಿಲ ಕಟ್ಟು ಎಂದರೆ ನಂಬಿಕೆಯಿಲ್ಲ. ನಾಟಿ ವೈದ್ಯರು ಬಿದಿರಿನ ಪಟ್ಟಿ ಇಟ್ಟು ಕಣ್ಣಲ್ಲಿ ನೀರು ಬರುವಂತೆ ಬಿಗಿಯುತ್ತಾರಲ್ಲ, ಅದು ಕಟ್ಟು. ನಾವು ಕಟ್ಟಿದ್ದನ್ನು ರೋಗಿಯ ಕಡೆಯವರು ಸಂತೆಯಲ್ಲಿ ಮಡಕೆ ಬಾರಿಸಿ ನೋಡುವಂತೆ ಬೆರಳಿನಿಂದ ಬಾರಿಸಿ ನೋಡುತ್ತಾರೆ. ಅವರ ಮುಂದೆ ಸೋಲಬಾರದೆಂದು ನಾನು ಸ್ವಲ್ಪ ಬಿಗಿಯಾಗಿಯೇ ಸುತ್ತುವ ರೂಢಿ ಮಾಡಿಕೊಂಡಿದ್ದೆ. ಮರುದಿನ ಬೆಳಿಗ್ಗೆ ಬಸ್ಸಿಗೆ ಹೊರಡುವ ಮುಂಚೆ ವಾರ್ಡಿಗೆ ಹಣಿಕಿ ಹಾಕಿದಾಗ ನಾಗಮ್ಮ, "ಅಕ್ಕಾರ, ಬೆರಳು ಜುಮ್ಮ ಅನ್ನಾಕತ್ತಾವ್ರಿ. ಭಾಳ ನೋಯಾಕತ್ತದ" ಎಂದಳು. ನಾನು ಗಡಿಯಾರ ನೋಡುತ್ತ, "ಎಲುಬು ಕೂಡಬೇಕಂದ್ರ ನೋವು ಇರಬೇಕವಾ, ತಡಕೋ" ಎಂದು ಹೇಳಿ ನಿಲ್ದಾಣಕ್ಕೆ ಓಡಿದೆ.

ಯಾದಗಿರಿಯ ಸಭಾಂಗಣದಲ್ಲಿ ನಲವತ್ತು ಜನ ನರ್ಸುಗಳಿದ್ದೆವು. ವೇದಿಕೆಯ ಮೇಲೆ ಒಂದು ಪ್ಲಾಸ್ಟಿಕ್ ಅಸ್ಥಿಪಂಜರ, ಅದರ ಪಕ್ಕದಲ್ಲಿ ತರಬೇತಿ ಕೊಡಲು ಕಲಬುರಗಿಯಿಂದ ಬಂದಿದ್ದ ನೇತ್ರಾವತಿ. ಈ ನೇತ್ರಾವತಿ ಕೆಲವು ವರ್ಷಗಳ ಹಿಂದೆ ನಮ್ಮ ವಾರ್ಡಿನಲ್ಲೇ ಕೆಲಸ ಕಲಿತವಳು. ಹತ್ತಿಯ ಸುರುಳಿ ಸರಿಯಾಗಿ ಸುತ್ತಲಿಲ್ಲವೆಂದು ನಾನು ಅವಳನ್ನು ಒಂದು ಮಧ್ಯಾಹ್ನವಿಡೀ ನಿಲ್ಲಿಸಿ ಸುತ್ತಿಸಿದ್ದೆ. ಅದನ್ನು ಮರೆತಿರಲಿ ಎಂದು ನಾನು ಕೊನೆಯ ಸಾಲಿನಲ್ಲಿ ಕುಳಿತರೆ, ಅವಳು ಮೈಕಿನಲ್ಲಿ, "ಸರೋಜಕ್ಕಾರ, ಮುಂದ ಬರ್ರಿ. ನನಗ ಕಟ್ಟು ಕಟ್ಟೂದು ಕಲಿಸಿದ ಗುರುಗಳ್ರಿ ಇವರು" ಎಂದು ಎಲ್ಲರ ಎದುರು ಕರೆದು ಮೊದಲ ಕುರ್ಚಿಯಲ್ಲಿ ಕೂರಿಸಿದಳು. ಆಮೇಲೆ ಎಲ್ಲರ ಮೊಬೈಲುಗಳನ್ನು ಒಂದು ಬಿಸ್ಕೀಟಿನ ರಟ್ಟಿನ ಡಬ್ಬಿಯಲ್ಲಿ ಹಾಕಿಸಿಕೊಂಡು ಅಸ್ಥಿಪಂಜರದ ಕಾಲಬಳಿ ಇಟ್ಟಳು. ಊಟದ ಹೊತ್ತಿಗೆ ವಾಪಸು ಎಂದಳು.

ಮೊದಲ ಪಾಠವೇ ಪ್ಲಾಸ್ಟರ್ ಹಾಕಿದ ಮೇಲೆ ನೋಡಿಕೊಳ್ಳಬೇಕಾದ ಅಪಾಯ. ಒಳಗೆ ಬಾವು ಏರುತ್ತದೆ, ಹೊರಗೆ ಕಟ್ಟು ಬಿಗಿಯಾಗಿರುತ್ತದೆ, ನಡುವೆ ಸಿಕ್ಕ ರಕ್ತನಾಳ ಹಿಸುಕಿಹೋಗುತ್ತದೆ ಎಂದಳು. ಮೊದಲ ಲಕ್ಷಣ, ಇರಬೇಕಾದ್ದಕ್ಕಿಂತ ಹೆಚ್ಚು ನೋವು. ನಾನು ಬರೆದುಕೊಂಡೆ. ಎರಡನೆಯದು, ಬೆರಳು ಜುಮ್ಮೆನ್ನುವುದು. ಬರೆಯುತ್ತಿದ್ದ ಪೆನ್ನು ಅಲ್ಲೇ ನಿಂತಿತು. "ನೋವು ಇರೂದೇ ಅಂತ ರೋಗಿಗಿ ಹೇಳಿ ಹೋಗ್ತೀವಿ ನೋಡ್ರಿ, ಅದೇ ದೊಡ್ಡ ತಪ್ಪು. ಕೆಲವೇ ತಾಸಿನ್ಯಾಗ ಸ್ನಾಯು ಸಾಯ್ತಾವ. ಆಮ್ಯಾಲ ಬೆರಳು ಮುದುಡಿಕೊಂಡು ಹೋಗ್ತಾವ, ಜಲ್ಮಕ್ಕ ನೆಟ್ಟಗಾಗಂಗಿಲ್ಲ" ಎಂದು ನೇತ್ರಾವತಿ ತನ್ನ ಬೆರಳುಗಳನ್ನೇ ಮುದುಡಿ ತೋರಿಸಿದಳು. ನನಗೆ ಕಂಡದ್ದು ನಾಗಮ್ಮನ ಬೆರಳು. ಹತ್ತಿ ಬಿಡಿಸುವ ಬೆರಳು. ಮುಂದಿನ ಚಿತ್ರ ಪರದೆಯ ಮೇಲೆ ಬಂತು: ಉಂಗುರ, ಕಡಗ, ಬಳೆ, ಇವನ್ನು ಮೊದಲು ತೆಗೆಯಬೇಕು. ಅವಳು ನನ್ನ ಕಡೆ ನೋಡಿ ಗೌರವದಿಂದ, "ಹೌದಲ್ರಿ ಅಕ್ಕಾರ?" ಎಂದು ಕೇಳಿದಳು. ನಾನು ತಲೆಯಾಡಿಸಿದೆ. ಹೌದೆಂದು ಮೂರು ಸಲ ಆಡಿಸಿದೆ.

ನನ್ನ ಬಗ್ಗೆ ನನಗೇ ನಾಚಿಕೆಯಾಗುವ ಭಾಗ ಈಗ ಬರುತ್ತದೆ. ತಕ್ಷಣ ಎದ್ದು, ನನ್ನ ರೋಗಿಗೆ ಹೀಗಾಗಿದೆ, ಫೋನ್ ಕೊಡು ಎನ್ನಬೇಕಿತ್ತು. ಎನ್ನಲಿಲ್ಲ. ಈಗಷ್ಟೇ ಗುರುಗಳು ಎನಿಸಿಕೊಂಡು ಮೊದಲ ಕುರ್ಚಿಯಲ್ಲಿ ಕುಳಿತವಳು ನಾನು. ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು, ಕಣ್ಣು ಆ ಬಿಸ್ಕೀಟಿನ ಡಬ್ಬಿಯ ಮೇಲಿತ್ತು. ಚಹಾದ ವಿರಾಮ ಬರಲಿ, ಮೆಲ್ಲಗೆ ಕೇಳೋಣ ಎಂದುಕೊಂಡೆ. ಗೋಡೆಯ ಗಡಿಯಾರ ಹತ್ತು ನಿಮಿಷ ಮುಂದೆ ಹೋಯಿತು, ಮತ್ತೆ ಐದು ನಿಮಿಷ. ಒಂದು ಹೆಂಗಸಿನ ಕೈ ಒಂದು ಕಡೆ, ನನ್ನ ಮರ್ಯಾದೆ ಇನ್ನೊಂದು ಕಡೆ. ನಾನು ಹದಿನೈದು ನಿಮಿಷ ಮರ್ಯಾದೆಯ ಕಡೆ ಕುಳಿತಿದ್ದೆ. ಕೊನೆಗೆ ಎದ್ದೆ. ಎದ್ದು ಹೇಳಿದ್ದಾದರೂ ಏನು? "ನೇತ್ರಾ, ಮನಿಯಾಗ ಗ್ಯಾಸ್ ಬಂದ್ ಮಾಡೇನೋ ಇಲ್ಲೋ ನೆನಪಾಗವಲ್ದು. ಫೋನ್ ಕೊಡವಾ." ಫೋನ್ ಸಿಕ್ಕಿತು. ಆದರೆ ನನ್ನ ಮಾತು ಕೇಳಿ ಹಿಂದಿನ ಸಾಲಿನ ಐದಾರು ಜನಕ್ಕೂ ತಮ್ಮ ತಮ್ಮ ಗ್ಯಾಸಿನ ಚಿಂತೆ ಹತ್ತಿ ಡಬ್ಬಿಯ ಸುತ್ತ ಗುಂಪಾಯಿತು.

ನಾನು ವರಾಂಡಕ್ಕೆ ಓಡಿ ಸಲೀಮನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಹೊರಗೆ ರಸ್ತೆಯಲ್ಲಿ ಶಹಾಪುರದ ಬಸ್ಸು ಹೋಗುತ್ತಿತ್ತು, ಹತ್ತಿಬಿಡಲೇ ಎನ್ನಿಸಿತು. ಮೂರನೆಯ ಸಲಕ್ಕೆ ಎತ್ತಿದ. "ಸಲೀಂ, ನಾಗಮ್ಮನ ಕೈ ನೋಡು. ಡಾಕ್ಟರಿಗಿ ಕರಿ. ಬ್ಯಾಂಡೇಜ್ ಬಿಚ್ಚು. ಬಳಿ..." ಎಂದು ಒಂದೇ ಉಸಿರಿಗೆ ಹೇಳಿದೆ.

"ಫಿಕರ್ ಮಾಡಬ್ಯಾಡ್ರಿ ಅಕ್ಕಾರ" ಎಂದ ಸಲೀಂ. "ಡಾಕ್ಟರಿಗಿ ಕರದು ತೋರ್ಸೇನಿ. ಬ್ಯಾಂಡೇಜ್ ಕತ್ತರಿಸಿ ಸಡಿಲ ಮಾಡ್ಯಾರ. ಬಳಿ ತಗದೇನಿ. ಈಗ ಬೆರಳು ಚಲೋ ಆಡ್ಸಾಕತ್ತಾಳ, ಚಹಾ ಕುಡ್ಯಾಕತ್ತಾಳ."

ನಾನು ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತೆ. "ಯಾವಾಗ?" ಎಂದೆ.

"ನಿನ್ನೆ ನನಗ ರಜಾ ಇತ್ತಲ್ರಿ. ಇವತ್ತು ನೀವು ಬಸ್ಸಿಗಿ ಹೋದ ಕೂಡ್ಲೇ."

"ಬಳಿ ತಗಿಯಾಕ ಹೆಂಗ ಒಪ್ಪಿದಳು?"

ಅವನು ಮೆಲ್ಲಗೆ ಹೇಳಿದ. "ಪ್ಲಾಸ್ಟರ್ ಕೋಣಿ ಕಪಾಟಿನ್ಯಾಗ ನಾ ಹಸಿರು ಬಳಿ ಇಟ್ಟಿರ್ತೀನ್ರಿ, ಎಲ್ಲಾ ಅಳತಿದು. ಮೊದಲ ಚಲೋ ಇದ್ದ ಕೈಯಾಗ ಹೊಸಾ ಬಳಿ ತೊಡಸೂದು. ಆಮ್ಯಾಲ ಹಸಿ ಬಟ್ಟಿ ಸುತ್ತಿ ಪಕ್ಕಡದಿಂದ ಈ ಕೈಯಾಗಿನವು ತಗಿಯೂದು. ಒಡದ್ವು ಅನ್ನಂಗಿಲ್ರಿ, ಆ ಕೈಗಿ ಹೋದ್ವು ಅಂತೀನಿ. ಒಬ್ಬಾಕಿನೂ ಇಲ್ಲ ಅಂದಿಲ್ಲ."

"ಎಷ್ಟು ದಿನದಿಂದ ಹಿಂಗ ಮಾಡಾಕತ್ತಿ?"

"ಐದಾರು ವರ್ಷ ಆತ್ರಿ. ನಿಮ್ಮ ಡ್ಯೂಟಿ ಮುಗದ ಮ್ಯಾಲ."

ಅಂದರೆ ಇಷ್ಟು ವರ್ಷ ನನ್ನ ಉಪಾಯದಿಂದ ಯಾವ ಹೆಂಗಸಿನ ಕೈಯೂ ಕೆಡದೆ ಇದ್ದದ್ದಕ್ಕೆ ಕಾರಣ ನನ್ನ ಉಪಾಯ ಅಲ್ಲವೇ ಅಲ್ಲ. ನನಗೆ ಯಾಕೆ ಹೇಳಲಿಲ್ಲ ಎಂದು ಸಿಟ್ಟಿನಿಂದ ಕೇಳಿದೆ. ಸಿಟ್ಟಿನಿಂದ ಕೇಳಿದ್ದರಲ್ಲೇ ಅದಕ್ಕೆ ಉತ್ತರವೂ ಇತ್ತು ಎಂದು ಆಮೇಲೆ ಹೊಳೆಯಿತು. ಅವನು ಮಾತ್ರ, "ಹಿರೇರು ಅದೀರಿ" ಎಂದಷ್ಟೇ ಹೇಳಿದ.

ಸಂಜೆ ಬಸ್ಸಿಳಿದವಳೇ ಮನೆಗೆ ಹೋಗದೆ ವಾರ್ಡಿಗೆ ಹೋದೆ. ನನ್ನನ್ನು ಕಂಡದ್ದೇ ನಾಗಮ್ಮ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಇಷ್ಟು ವರ್ಷ ಇದು ನನ್ನ ಕಣ್ಣಿಗೆ ಬೀಳದೆ ಉಳಿದದ್ದು ಹೇಗೆಂದು ಆಗ ತಿಳಿಯಿತು. "ಬ್ರದರ್‌ಗಿ ಬೈಬ್ಯಾಡ್ರಿ ಅಕ್ಕಾರ, ನಾನೇ ತಗೀರಿ ಅಂದೆ" ಎಂದು ಸುಳ್ಳು ಹೇಳಿದಳು. ಬೆರಳು ತೋರಿಸು ಎಂದೆ. ಬೆಚ್ಚಗಿದ್ದವು, ಮಡಚಿ ಬಿಚ್ಚಿ ತೋರಿಸಿದಳು. ಅಷ್ಟು ನೋವಿದ್ದರೆ ನನಗೆ ಒತ್ತಿ ಹೇಳಬಾರದಿತ್ತೇ ಎಂದು ಕೇಳಿದೆ. "ಹೇಳಿದ್ನಲ್ರಿ. ನೀವು ತಡಕೋ ಅಂದ್ರಿ" ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ, ಅದರಿಂದಲೇ ನನಗೆ ಹೆಚ್ಚು ನೋವಾಯಿತು.

ಮರುದಿನ ಯಾದಗಿರಿಗೆ ಗಟ್ಟಿ ನಿರ್ಧಾರ ಮಾಡಿಕೊಂಡೇ ಹೋದೆ. ಎಲ್ಲರೆದುರು ನನ್ನ ತಪ್ಪು ಒಪ್ಪಿಕೊಳ್ಳುವುದು, ಸಲೀಮನ ಹೆಸರು ಹೇಳುವುದು. ಅನುಭವ ಹಂಚಿಕೊಳ್ಳಿ ಎಂದು ನೇತ್ರಾವತಿ ಮೊದಲು ನನ್ನ ಕೈಗೇ ಮೈಕು ಕೊಟ್ಟಳು. ನಾನು ಶುರು ಮಾಡಿದೆ: "ಬಳಿ ತಗಿಯಾಕ ಹೆಣ್ಮಕ್ಕಳು ಒಪ್ಪಂಗಿಲ್ಲ. ಅದಕ್ಕ ನಮ್ಮ ವಾರ್ಡಿನ್ಯಾಗ ಒಂದು ಪದ್ಧತಿ ಅದ..." ಹೊಸ ಬಳೆ, ಹಸಿ ಬಟ್ಟೆ, ಇಕ್ಕಳ, ಎಲ್ಲ ವಿವರಿಸಿದೆ. ಮುಂದಿನ ವಾಕ್ಯದಲ್ಲಿ ಸಲೀಂ ಬರಬೇಕಿತ್ತು. ಅಷ್ಟರಲ್ಲಿ ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು. ನೇತ್ರಾವತಿ ಕಣ್ಣೊರೆಸಿಕೊಂಡು ನನ್ನ ಕಾಲಿಗೇ ಬಗ್ಗಿದಳು. ಅಂಥ ಹೊತ್ತಿನಲ್ಲಿ ಮಾತು ಮುಂದುವರಿಸುವುದು ಚೆನ್ನಾಗಿರುವುದಿಲ್ಲವೆಂದು ನಾನು ಮೈಕು ಕೆಳಗಿಟ್ಟು ಕುಳಿತುಕೊಂಡೆ.

ಆ ಪದ್ಧತಿ ಸಲೀಮನದು. ಇಲ್ಲಿಯಾದರೂ ಬರೆದಿದ್ದೇನೆ. ಅವನು ಇಂಥದ್ದನ್ನೆಲ್ಲ ಓದುವವನಲ್ಲ ಎಂಬ ಧೈರ್ಯದ ಮೇಲೆ.